ಪಿಸ್ಟನ್ ನುಡಿಯುವ ಸಾಕ್ಷಿ

ಟೂ-ಸ್ಟ್ರೋಕ್ ಎಂಜಿನ್ನಿನ ಒಡಲಲ್ಲಿ ಓಡಾಡುವ ಮುಖ್ಯ ಭಾಗಗಳು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ವಾಲ್ವುಗಳ ಸಾಲಿಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ, ಅವಕ್ಕೆಲ್ಲ ಎಣ್ಣೆ ಹಾಯಿಸುವ ಕಾಲುವೆಗಳಿಲ್ಲ. ಯಮಹಾ ಆರ್‌ಎಕ್ಸ್ 100ರ ಹೆಡ್ಡಿನ ನಟ್ಟುಗಳನ್ನು ಸಡಿಲಿಸಿ, ಕಾರ್ಬ್ಯುರೇಟರು, ಸೈಲೆನ್ಸರ್ ಬಿಡಿಸಿದರೆ ಬ್ಯಾರೆಲ್ ಮೇಲಕ್ಕೆ ಜಾರಿ ಕೈಗೆ ಬರುತ್ತದೆ. ಪಿಸ್ಟನ್ ಕಣ್ಣೆದುರು ನಿಲ್ಲುತ್ತದೆ. ಒಂದು ಸ್ಪ್ಯಾನರ್ ಸೆಟ್ಟು, ಮ್ಯಾಗ್ನೆಟೊ ಪುಲ್ಲರ್, ಸರ್‌ಕ್ಲಿಪ್ ತೆಗೆಯುವ ಚೂಪು ಮೂತಿಯ ಪ್ಲೈಯರ್, ಒಂದು ಬಾಣಲೆ ಸೀಮೆಎಣ್ಣೆ, ಬನಿಯನ್ ವೇಸ್ಟು. ಮನೆಯಲ್ಲಿ ಮಾಡುವಷ್ಟು ಕೆಲಸಕ್ಕೆ ಇಷ್ಟು ಸಾಕು.

ಅದಕ್ಕೇ ದಕ್ಷಿಣ ಬೆಂಗಳೂರಿನಲ್ಲಿ ಈ ಕೆಲಸ ಇನ್ನೂ ಮನೆಗಳಲ್ಲೇ ನಡೆಯುತ್ತಿದೆ. ಜಯನಗರದ ಹಳೆಯ ಮನೆಗಳ ಪೋರ್ಟಿಕೊ, ಬನಶಂಕರಿ ಎರಡನೇ ಹಂತದ ಕಾರ್ ಶೆಡ್ಡು, ಬಿಟಿಎಂ ಬಡಾವಣೆಯ ಬಾಡಿಗೆ ಮನೆಯ ಮೆಟ್ಟಿಲ ಕೆಳಗಿನ ಜಾಗ, ಜೆ.ಪಿ. ನಗರದ ಅಪಾರ್ಟ್‌ಮೆಂಟಿನ ನೆಲಮಾಳಿಗೆ, ಎಲ್ಲಿ ಮೂರು ಅಡಿ ನೆರಳು ಸಿಕ್ಕರೆ ಅಲ್ಲಿ ಭಾನುವಾರ ಹಳೆಯ ಪೇಪರ್ ಹಾಸಿ ಕೂತವರಿದ್ದಾರೆ. ಹೆಚ್ಚಿನವು ಆರ್‌ಎಕ್ಸ್‌ಗಳು. 1985ರ ಕೊನೆಯಿಂದ 1996ರವರೆಗೆ ತಯಾರಾದ ಗಾಡಿ. 98 ಸಿಸಿ, 11 ಅಶ್ವಶಕ್ತಿ, ತೂಕ ನೂರು ಕಿಲೋದ ಆಸುಪಾಸು. ನಂತರ ಬಂದ ಆರ್‌ಎಕ್ಸ್ 135 ಕೂಡ ಧಾರಾಳವಾಗಿದೆ. ಜೊತೆಗೆ ಮೈಸೂರಿನ ಜಾವಾ, ಯೆಜ್ಡಿ. ಅಪರೂಪಕ್ಕೆ 1983ರಲ್ಲಿ ಬಂದ ಎರಡು ಸಿಲಿಂಡರಿನ ರಾಜ್‌ದೂತ್ 350. ಒಂದು ಕಾಲಕ್ಕೆ ಗುಜರಿಗೆ ಹೋಗುತ್ತಿದ್ದ ಆರ್‌ಎಕ್ಸ್‌ಗೆ ಈಗ ಲಕ್ಷದ ಮೇಲೆ ಬೆಲೆ ಹೇಳುತ್ತಾರೆ.

ಬಿಚ್ಚುವುದು ಸುಲಭ ಎಂಬುದೇ ಇದರ ದೊಡ್ಡ ತೊಡಕು. ಗಾಡಿ ಸೀಜ್ ಆದ ಕೂಡಲೇ ಹೆಡ್ ಬಿಚ್ಚಿ, ಹೊಸ ಪಿಸ್ಟನ್ ಕಿಟ್ ತಂದು, ಬೋರ್ ಮಾಡಿಸಿ, ಜೋಡಿಸಿ ಓಡಿಸುತ್ತಾರೆ. ನಾಲ್ಕೈದು ನೂರು ಕಿಲೋಮೀಟರಿಗೆ ಅದೇ ಎಂಜಿನ್ ಮತ್ತೆ ಹಿಡಿಯುತ್ತದೆ. ಆಗ ಬೈಗುಳ ತಿನ್ನುವುದು ಪಿಸ್ಟನ್ ಮಾರಿದವನು. ಪಿಸ್ಟನ್ ಸವೆದು ಸತ್ತಿದ್ದೋ, ಯಾರೋ ಕೊಂದಿದ್ದೋ ಎಂದು ಕೇಳದೆ ಹೊಸದನ್ನು ಹಾಕಿದರೆ ಹಳೆಯ ಕಾರಣ ಎಂಜಿನ್ನಿನೊಳಗೇ ಉಳಿದಿರುತ್ತದೆ. ನನ್ನ ಪ್ರಕಾರ ರೀಬಿಲ್ಡ್ ಎಂಬ ಮಾತಿಗೆ ಮರ್ಯಾದೆ ಬರುವುದು ಆ ಕಾರಣ ಕೈಗೆ ಸಿಕ್ಕ ಮೇಲೆ. ಉಳಿದದ್ದೆಲ್ಲ ಬಿಡಿಭಾಗ ಬದಲಾವಣೆ.

ಕ್ರ್ಯಾಂಕ್‌ಕೇಸೇ ಶ್ವಾಸಕೋಶ

ಕಾರಣ ಹುಡುಕಬೇಕಾದರೆ ಈ ಯಂತ್ರ ಉಸಿರಾಡುವ ಬಗೆ ಗೊತ್ತಿರಬೇಕು. ಫೋರ್-ಸ್ಟ್ರೋಕಿನಲ್ಲಿ ಪಿಸ್ಟನ್ನಿನ ಕೆಳಗಿನ ಜಾಗ ಬರೀ ಎಣ್ಣೆಯ ಮನೆ. ಟೂ-ಸ್ಟ್ರೋಕಿನಲ್ಲಿ ಅದೇ ಪಂಪು. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ನಿರ್ವಾತ ಹುಟ್ಟಿ ಕಾರ್ಬ್ಯುರೇಟರಿನಿಂದ ಪೆಟ್ರೋಲು-ಗಾಳಿ ಒಳಗೆ ನುಗ್ಗುತ್ತದೆ. ಇಳಿಯುವಾಗ ಆ ಮಿಶ್ರಣ ಒತ್ತಡಕ್ಕೆ ಸಿಕ್ಕಿ, ಸಿಲಿಂಡರಿನ ಗೋಡೆಯಲ್ಲಿರುವ ಟ್ರಾನ್ಸ್‌ಫರ್ ಕಿಂಡಿಗಳ ಮೂಲಕ ಮೇಲಕ್ಕೆ ಹೋಗಿ, ಉರಿದ ಹೊಗೆಯನ್ನು ಎಕ್ಸಾಸ್ಟ್ ಕಿಂಡಿಯಿಂದ ಹೊರದಬ್ಬುತ್ತದೆ. ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ 1890ರ ಆಸುಪಾಸಿನಲ್ಲಿ ರೂಪಿಸಿದ ಉಪಾಯ ಇದು. ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಸ್ಫೋಟ; ಅಷ್ಟು ಚಿಕ್ಕ ಎಂಜಿನ್ನಿಗೆ ಅಷ್ಟು ಜೀವ ಬರುವುದು ಅಲ್ಲಿಂದ.

ಅದರ ಬೆಲೆಯೂ ಅಲ್ಲೇ ಇದೆ. ಪಂಪಾಗಿ ದುಡಿಯುವ ಜಾಗದಲ್ಲಿ ಎಣ್ಣೆ ತುಂಬಿಡುವಂತಿಲ್ಲ. ಪೆಟ್ರೋಲಿನ ಜೊತೆ ಹನಿಹನಿಯಾಗಿ ಬರುವ ಟೂ-ಟಿ ಆಯಿಲ್ಲೇ ಕ್ರ್ಯಾಂಕ್ ಬೇರಿಂಗಿಗೂ ಪಿಸ್ಟನ್ನಿಗೂ ಅನ್ನ. ಬಂಕಿನಲ್ಲಿ ಗಾಜಿನ ಕೊಳವೆಯ ಪುಟ್ಟ ಪಂಪಿನಿಂದ ಲೀಟರಿಗಿಷ್ಟು ಎಂದು ಆಯಿಲ್ ಬಿಡುತ್ತಿದ್ದ ಕಾಲ ಐವತ್ತು ದಾಟಿದವರಿಗೆಲ್ಲ ನೆನಪಿದೆ. ಆರ್‌ಎಕ್ಸ್‌ನಲ್ಲಿ ಆಯಿಲ್ಲಿಗೆ ಬೇರೆಯೇ ಟ್ಯಾಂಕು, ಬೇರೆಯೇ ಪಂಪು. ಆ್ಯಕ್ಸಿಲರೇಟರ್ ತಿರುವಿದಷ್ಟೂ ಅದಕ್ಕೆ ಕಟ್ಟಿದ ಕೇಬಲ್ ಎಳೆದು ಆಯಿಲ್ ಹೆಚ್ಚಾಗುತ್ತದೆ. ಯಾವ ವ್ಯವಸ್ಥೆಯಾದರೂ ಸರಿ, ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾದರೆ ಉರಿಯ ಬಿಸಿ ಏರುತ್ತದೆ. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿದ್ದರೆ ಜಿಡ್ಡೂ ಅಷ್ಟೇ ಕಡಿಮೆಯಾಗುತ್ತದೆ. ಅಲ್ಯುಮಿನಿಯಂ ಪಿಸ್ಟನ್ ಹಿಗ್ಗಿ ಬೀಡುಕಬ್ಬಿಣದ ಸ್ಲೀವನ್ನು ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ನಿಂತೇ ಹೋಗುತ್ತದೆ. ಟೂ-ಸ್ಟ್ರೋಕ್ ಓಡಿಸಿ ಪಳಗಿದವರ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರುವುದು ಈ ಭಯಕ್ಕೆ.

ಕ್ರ್ಯಾಂಕಿನ ಎರಡು ತುದಿಗಳಲ್ಲಿ ಆಯಿಲ್ ಸೀಲ್ ಎಂಬ ಎರಡು ರಬ್ಬರ್ ಬಳೆಗಳಿವೆ. ಈ ಎಂಜಿನ್ನಿನ ಕತೆಯಲ್ಲಿ ಪಿಸ್ಟನ್ನಿಗಿಂತ ದೊಡ್ಡ ಪಾತ್ರ ಅವುಗಳದ್ದು. ಆರ್‌ಎಕ್ಸ್‌ನ ಬಲಗಡೆ, ಅಂದರೆ ಕ್ಲಚ್ಚಿನ ಕಡೆಯ ಸೀಲ್ ಹೋದರೆ ಗೇರ್ ಬಾಕ್ಸಿನ ಆಯಿಲ್ಲನ್ನು ಕ್ರ್ಯಾಂಕ್‌ಕೇಸ್ ಹೀರಿಕೊಂಡು ಉರಿಸುತ್ತದೆ. ಸೈಲೆನ್ಸರಿನಿಂದ ಬಿಳಿಯ ಹೊಗೆ ಮೋಡವಾಗಿ ಬರುತ್ತದೆ, ಗೇರ್ ಆಯಿಲ್ ಇಳಿಯುತ್ತ ಹೋಗುತ್ತದೆ. ಇದು ಬೀದಿಗೆಲ್ಲ ಕಾಣುವ ರೋಗ. ಎಡಗಡೆ, ಮ್ಯಾಗ್ನೆಟೊ ಹಿಂದಿನ ಸೀಲ್ ಹೋದರೆ ಹೊಗೆಯಿಲ್ಲ, ಸದ್ದಿಲ್ಲ. ಹೊರಗಿನ ಗಾಳಿ ಮೆಲ್ಲಗೆ ಒಳಸೇರುತ್ತದೆ. ಗಾಡಿ ಮೊದಲಿಗಿಂತ ಚುರುಕಾದಂತೆಯೂ ಅನ್ನಿಸಬಹುದು. ಆಮೇಲೊಂದು ದಿನ ಹಿಡಿಯುತ್ತದೆ.

ಬಿಚ್ಚುವ ಮೊದಲು ಬಿ.ಪಿ. ನೋಡಿ

ಬನಶಂಕರಿ ಮೂರನೇ ಹಂತದಲ್ಲಿರುವ ನನ್ನ ಸೋದರಮಾವನ ಆರ್‌ಎಕ್ಸ್ ಹಿಡಿದದ್ದು ಹೀಗೆಯೇ. ಕನಕಪುರ ರಸ್ತೆಯಲ್ಲಿ, ತಲಘಟ್ಟಪುರ ದಾಟಿ ಸಲೀಸಾಗಿ ಹೋಗುತ್ತಿದ್ದಾಗ. ಅದಕ್ಕೂ ಕೆಲವು ವಾರ ಮೊದಲಿಂದ ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ತಾನಾಗಿ ರೇಸಾಗುತ್ತಿತ್ತು; ಆ್ಯಕ್ಸಿಲರೇಟರ್ ಬಿಟ್ಟರೂ ಸದ್ದು ಇಳಿಯಲು ತಡ. ತಣಿದ ಮೇಲೆ ಕಿಕ್ ಮತ್ತೆ ಇಳಿಯಿತು. ನಾನು ಸ್ಪ್ಯಾನರ್ ಎತ್ತಿಕೊಂಡಾಗ ಮಾವ ಕೈ ಹಿಡಿದರು. ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು ಅವರು.

“ಬಿಚ್ಚಿದ್ರೆ ಸಾಕ್ಷಿ ಹೋಗ್ಬಿಡುತ್ತೆ ಕಣೋ. ಮೊದಲು ಎಲ್ಲಿ ಗಾಳಿ ಎಳೀತಿದೆ ನೋಡೋಣ ಇರು,” ಎಂದರು. ಒಳಗೆ ಹೋಗಿ ಅತ್ತೆಯ ಹಳೆಯ ಬಿ.ಪಿ. ನೋಡುವ ಉಪಕರಣ ತಂದರು.

ಎಕ್ಸಾಸ್ಟ್ ಕಿಂಡಿಗೆ ಸೈಕಲ್ ಟ್ಯೂಬಿನ ತುಂಡು, ಅದರ ಮೇಲೆ ತಗಡಿನ ಪಟ್ಟಿ, ಎರಡು ಬೋಲ್ಟು. ಸ್ಪಾರ್ಕ್ ಪ್ಲಗ್ ಇದ್ದಲ್ಲೇ ಬಿಗಿ. ಕಾರ್ಬ್ಯುರೇಟರ್ ತೆಗೆದ ಜಾಗಕ್ಕೆ ರಬ್ಬರ್ ಬಿರಡೆ, ಅದರ ನಡುವೆ ಒಂದು ನಿಪ್ಪಲ್. ಆಯಿಲ್ ಪಂಪಿನಿಂದ ಬರುವ ಸಣ್ಣ ಪೈಪಿನ ಬಾಯಿಯೂ ಬಂದ್. ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿದರೆ ಟ್ರಾನ್ಸ್‌ಫರ್ ಕಿಂಡಿಗಳು ತೆರೆದು, ಕ್ರ್ಯಾಂಕ್‌ಕೇಸೂ ಸಿಲಿಂಡರೂ ಒಂದೇ ಡಬ್ಬಿಯಾಗುತ್ತವೆ. ಆಮೇಲೆ ರಬ್ಬರ್ ಬುರುಡೆಯನ್ನು ಅಮುಕಿ ಗಾಳಿ ತುಂಬುವುದು. ಮುಳ್ಳು 300 ಮಿಲಿಮೀಟರಿಗೆ ಬಂದರೆ ಸುಮಾರು ಆರು ಪೌಂಡ್ ಒತ್ತಡ. ಈ ಪರೀಕ್ಷೆಗೆ ಬೇಕಾದದ್ದು ಅಷ್ಟೇ. ಅದಕ್ಕಿಂತ ಹೆಚ್ಚು ತುಂಬಿದರೆ ಒಳ್ಳೆಯ ಸೀಲುಗಳೂ ಜಾಗ ಬಿಡಬಹುದು. ಆರೋಗ್ಯವಂತ ಎಂಜಿನ್ನಿನಲ್ಲಿ ಮುಳ್ಳು ಹಲವು ನಿಮಿಷ ನಿಂತಲ್ಲೇ ನಿಂತಿರಬೇಕು. ಇಲ್ಲಿ ನೋಡನೋಡುತ್ತಿದ್ದಂತೆ ಕೆಳಗಿಳಿಯಿತು. ಮ್ಯಾಗ್ನೆಟೊ ಬಿಚ್ಚಿ, ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್ಷಿನಿಂದ ಸವರಿದರು. ಕ್ರ್ಯಾಂಕಿನ ದಂಡದ ಸುತ್ತ, ಎಡ ಸೀಲಿನ ಅಂಚಿನಲ್ಲಿ, ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು.

ಹೆಡ್ ಬಿಚ್ಚುವ ಮೊದಲೇ ಇಷ್ಟು ತಿಳಿದುಬಿಟ್ಟರೆ ಮುಂದಿನ ಕೆಲಸಕ್ಕೆ ದಿಕ್ಕು ಬರುತ್ತದೆ. ಮನೆಯಲ್ಲಿ ಎಂಜಿನ್ ಕಟ್ಟುವ ಯಾರಿಗಾದರೂ ನಾನು ಮೊದಲು ಹೇಳುವುದು ಈ ಪರೀಕ್ಷೆಯನ್ನು. ಬಿಚ್ಚುವ ಮೊದಲೊಮ್ಮೆ, ಜೋಡಿಸಿದ ಮೇಲೊಮ್ಮೆ. ನೀರಿನ ಮೇಲೆ ಓಡುವ ಜೆಟ್ ಸ್ಕೀಗಳ ಹಳೆಯ ಟೂ-ಸ್ಟ್ರೋಕ್ ಎಂಜಿನ್ ಕಟ್ಟುವವರು ಇದನ್ನು ಮಾಡದೆ ಸ್ಟಾರ್ಟ್ ಮಾಡುವುದೇ ಇಲ್ಲ. 1970ರ ದಶಕದ ಆರಂಭದಲ್ಲಿ ಕವಾಸಾಕಿ ಮಾರುಕಟ್ಟೆಗೆ ತಂದ ಆ ಯಂತ್ರಗಳು ಅಲೆಯ ಮೇಲೆ ನಿರಂತರ ಪೂರ್ತಿ ವೇಗದಲ್ಲಿ ದುಡಿಯುತ್ತವೆ. ಒಂದು ಸೀಲ್ ಸೋರಿದರೂ ಪಿಸ್ಟನ್ ಉಳಿಯುವುದಿಲ್ಲ. ಯಮಹಾದ ಸೂಪರ್‌ಜೆಟ್ 2020ರವರೆಗೂ ಟೂ-ಸ್ಟ್ರೋಕ್ ಆಗಿಯೇ ಬಂದಿತ್ತು. ಒಳಗಿನ ತತ್ವ ನಮ್ಮ ಆರ್‌ಎಕ್ಸ್‌ದೇ. ತಂಪು ಮಾಡಲು ಗಾಳಿಯ ಬದಲು ನೀರು.

ನಮ್ಮ ಕರಾವಳಿಯಲ್ಲೂ ಇದೇ ಕುಲದ ಎಂಜಿನ್ ಸಾವಿರಾರು ಮನೆಗಳ ಒಲೆ ಉರಿಸುತ್ತಿದೆ. ಮಲ್ಪೆ, ಗಂಗೊಳ್ಳಿಯ ನಾಡದೋಣಿಗಳ ಹಿಂಬದಿಯಲ್ಲಿ ತೂಗುವ ಔಟ್‌ಬೋರ್ಡ್ ಎಂಜಿನ್ನುಗಳಲ್ಲಿ ಬಹಳಷ್ಟು ಸೀಮೆಎಣ್ಣೆಯಲ್ಲಿ ಓಡುವ ಟೂ-ಸ್ಟ್ರೋಕುಗಳು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಾರೆ. ಸಬ್ಸಿಡಿ ಸೀಮೆಎಣ್ಣೆಯ ಕೋಟಾ ಬರಲಿಲ್ಲ ಎಂಬ ಸುದ್ದಿ ಉಡುಪಿ, ದಕ್ಷಿಣ ಕನ್ನಡದ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬರುವುದು ಈ ಎಂಜಿನ್ನುಗಳಿಂದಾಗಿ. ಬೆಂಗಳೂರಿನ ಹವ್ಯಾಸಿಗೆ ಎಂಜಿನ್ ಹಿಡಿದರೆ ಭಾನುವಾರ ಕೆಡುತ್ತದೆ; ದೋಣಿಯವರಿಗೆ ಅಂದಿನ ಮೀನು ಹೋಗುತ್ತದೆ, ದಡ ಸೇರುವುದೇ ಕಷ್ಟವಾಗುತ್ತದೆ.

ಗಾಯ ಎಲ್ಲಿದೆ ನೋಡಿ

ಬ್ಯಾರೆಲ್ ಎತ್ತಿದ ಮೇಲೆ ಪಿಸ್ಟನ್ನನ್ನು ಒರೆಸದೆ ನೋಡಬೇಕು. ಎಕ್ಸಾಸ್ಟ್ ಕಡೆ ಮಾತ್ರ ಉದ್ದಕ್ಕೆ ಗೀರಿದ್ದರೆ ಬಿಸಿ ಹೆಚ್ಚಾಗಿ ಜಿಡ್ಡು ಸುಟ್ಟುಹೋಗಿದೆ ಎಂದರ್ಥ. ಆ ಬದಿಯೇ ಎಂಜಿನ್ನಿನ ಅತಿ ಬಿಸಿಯ ಜಾಗ. ಸುತ್ತ ನಾಲ್ಕು ಕಡೆ ಸಮನಾಗಿ ಉಜ್ಜಿದ ಗುರುತಿದ್ದರೆ ಬೋರ್ ಬಿಗಿಯಾಗಿದೆ, ಇಲ್ಲವೇ ತಣ್ಣಗಿನ ಎಂಜಿನ್ನನ್ನು ಸ್ಟಾರ್ಟ್ ಮಾಡಿದ್ದೇ ತಡ ಯಾರೋ ಎಳೆದಾಡಿಸಿದ್ದಾರೆ. ಕಾರ್ಬ್ಯುರೇಟರಿನ ಕಡೆಯ ಮೈ ಮಂಕಾಗಿ, ಮರಳುಕಾಗದ ಉಜ್ಜಿದ ಹಾಗಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಒಳಬಂದಿದೆ. ಮೆಟ್ರೊ ಕಾಮಗಾರಿಯ ಪಕ್ಕದಲ್ಲಿ ವರ್ಷಗಟ್ಟಲೆ ಓಡಿದ ಗಾಡಿಗಳಲ್ಲಿ ಇದನ್ನು ಹುಡುಕಿಕೊಂಡೇ ನೋಡಬೇಕು. ತಲೆಯ ಅಂಚಿನಲ್ಲಿ ಸೂಜಿಮೊನೆಯ ಕುಳಿಗಳಿದ್ದರೆ ನಾಕಿಂಗ್. ನಟ್ಟನಡುವೆ ತೂತೇ ಬಿದ್ದಿದ್ದರೆ ತೀರ ಬಿಸಿಯ ಪ್ಲಗ್, ತೀರ ಕಡಿಮೆ ಪೆಟ್ರೋಲು ಅಥವಾ ತಪ್ಪಿದ ಟೈಮಿಂಗ್. ಪಿಸ್ಟನ್ನನ್ನು ತಿರುವಿ ತಲೆಯ ಒಳಮೈಯನ್ನೂ ನೋಡಬೇಕು: ಕಂದು ಬಣ್ಣವಾದರೆ ಹದ, ಕರ್ರಗೆ ಸುಟ್ಟ ಪದರ ಕಟ್ಟಿದ್ದರೆ ಆ ಎಂಜಿನ್ ಬಹುಕಾಲದಿಂದ ಜ್ವರದಲ್ಲೇ ಓಡಿದೆ.

ಮಾವನ ಪಿಸ್ಟನ್ನಿನಲ್ಲಿ ಗೀರುಗಳು ಎಕ್ಸಾಸ್ಟ್ ಕಡೆ ಇದ್ದವು, ಒಳಮೈ ಕಪ್ಪಾಗಿತ್ತು. ಬಿ.ಪಿ. ಉಪಕರಣ ಹೇಳಿದ್ದಕ್ಕೆ ಸರಿಯಾಗಿ ತಾಳೆಯಾಯಿತು. ಸೀಲನ್ನು ಕಿತ್ತು ಬೆರಳಲ್ಲಿ ಬಾಗಿಸಿದರೆ ಬಿರುಕು ಬಿಟ್ಟಿತು. ರಬ್ಬರು ಮುಪ್ಪಾಗಿ ಗಟ್ಟಿಯಾಗಿತ್ತು, ಅದರ ತುಟಿ ದಂಡವನ್ನು ಅಪ್ಪುವ ಶಕ್ತಿ ಕಳೆದುಕೊಂಡಿತ್ತು. ಕ್ರ್ಯಾಂಕ್‌ಕೇಸ್ ಇಬ್ಭಾಗ ಮಾಡಿದಾಗ ಬೇರಿಂಗಿನ ಗುಂಡುಗಳ ಮೇಲೆ ತುಕ್ಕಿನ ಚುಕ್ಕೆಗಳೂ ಕಂಡವು.

ಆ ತುಕ್ಕಿನ ಬಗ್ಗೆ ಹಳೆಯ ಗಾಡಿಯವರೆಲ್ಲ ಈಗ ಯೋಚಿಸಲೇಬೇಕು. ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ 2025ರಲ್ಲಿ ಶೇ 20ಕ್ಕೆ ಮುಟ್ಟಿತು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಟೂ-ಸ್ಟ್ರೋಕಿನಲ್ಲಿ ಆ ತೇವ ಕ್ರ್ಯಾಂಕ್‌ಕೇಸಿನ ತಳದಲ್ಲಿ, ಎಣ್ಣೆಯ ರಕ್ಷಣೆಯಿಲ್ಲದ ಬೇರಿಂಗುಗಳ ಮೇಲೆ ಕೂರುತ್ತದೆ. 80ರ ದಶಕದ ರಬ್ಬರ್ ಪೈಪು, ಸೀಲುಗಳು ಇಂಥ ಇಂಧನಕ್ಕೆಂದು ಮಾಡಿದವಲ್ಲ. ಎಥೆನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಕಾರ್ಬ್ಯುರೇಟರಿನ ಅದೇ ಜೆಟ್ಟಿನಲ್ಲಿ ಮಿಶ್ರಣ ಮೊದಲಿಗಿಂತ ಬಡವಾಗುತ್ತದೆ, ಬಿಸಿ ಹೆಚ್ಚುತ್ತದೆ. ಹಾಗಾಗಿ ಮೇನ್ ಜೆಟ್ಟನ್ನು ಒಂದು ಸೈಜ್ ದೊಡ್ಡದು ಹಾಕಿ, ಪ್ಲಗ್ ಬಣ್ಣ ನೋಡಿ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬ್ಯುರೇಟರ್ ಖಾಲಿ ಮಾಡಿಡುವುದೂ ಅಷ್ಟೇ ಮುಖ್ಯ.

ಮೇಸ್ತ್ರಿಯ ಕೈಗೆ

ಬೋರ್ ಮಾಡುವುದು, ಕ್ರ್ಯಾಂಕ್ ಬಿಡಿಸಿ ಕೂಡಿಸುವುದು ಮನೆಯ ಕೆಲಸಗಳಲ್ಲ. ಅದಕ್ಕೆ ಕಲಾಸಿಪಾಳ್ಯ, ಜೆ.ಸಿ. ರಸ್ತೆಯ ಸಂದಿಗಳಿಗೆ ಹೋಗಬೇಕು. ನಾವು ಹೋದ ಲೇತ್ ಅಂಗಡಿ ಹತ್ತಡಿ ಅಗಲದ್ದು. ಬಾಗಿಲಲ್ಲೇ ಆಯುಧಪೂಜೆಯ ಕುಂಕುಮ ಮಾಸದ ಯಂತ್ರ. ಮೇಸ್ತ್ರಿ ಬ್ಯಾರೆಲ್ಲನ್ನು ಬೆಳಕಿಗೆ ಹಿಡಿದು ನೋಡಿ, “ಪಿಸ್ಟನ್ ಎಲ್ಲಿ ಸಾರ್?” ಎಂದರು.

“ನಾಳೆ ತರ್ತೀನಿ. 50.25 ಮಿಲಿಮೀಟರಿಗೆ ಬೋರ್ ಮಾಡಿಟ್ಟಿರಿ,” ಎಂದೆ.

“ಹಂಗೆಲ್ಲ ಆಗಲ್ಲ. ಡಬ್ಬದ ಮೇಲೆ ಬರೆದಷ್ಟೇ ಪಿಸ್ಟನ್ ಇರುತ್ತೆ ಅಂತ ಏನ್ ಗ್ಯಾರಂಟಿ? ಪಿಸ್ಟನ್ ಅಳೆದು, ಅದಕ್ಕೆ ತಕ್ಕಂಗೆ ಬೋರ್ ಹೊಡೀಬೇಕು. ಜೊತೇಲಿ ತಂದ್ಕೊಡಿ.”

ಈ ಒಂದು ಮಾತಿನಿಂದ ಅಂಗಡಿ ಯಾವ ದರ್ಜೆಯದೆಂದು ಗೊತ್ತಾಗುತ್ತದೆ. ಪಿಸ್ಟನ್ ನೋಡಲು ದುಂಡಗಿದ್ದರೂ ದುಂಡಗಿರುವುದಿಲ್ಲ. ಬಿಸಿಯಾದಾಗ ದುಂಡಾಗಲೆಂದು ಅದನ್ನು ಕೊಂಚ ಮೊಟ್ಟೆಯಾಕಾರಕ್ಕೆ, ತಲೆಯ ಕಡೆ ಕಿರಿದಾಗುವಂತೆ ಮಾಡಿರುತ್ತಾರೆ. ಅಳತೆ ತೆಗೆಯಬೇಕಾದದ್ದು ಕೆಳಗಿನ ಲಂಗದ ಬಳಿ, ಪಿನ್ನಿಗೆ ಅಡ್ಡಲಾಗಿ. ಬೋರಿಗೂ ಪಿಸ್ಟನ್ನಿಗೂ ನಡುವೆ ಬಿಡುವ ಸಂದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ, ಮಿಲಿಮೀಟರಿನ ನೂರನೇ ಭಾಗದಲ್ಲಿ ನಾಲ್ಕೈದು. ಅದಕ್ಕಿಂತ ಬಿಗಿಯಾದರೆ ಹಿಡಿಯುತ್ತದೆ, ಸಡಿಲಾದರೆ ಪಿಸ್ಟನ್ ಪಕ್ಕಕ್ಕೆ ಬಡಿದು ಟಪಟಪ ಎನ್ನುತ್ತದೆ.

ಮರುದಿನ ಪಿಸ್ಟನ್ ಕೊಟ್ಟು ಪಕ್ಕದಲ್ಲೇ ನಿಂತೆವು. ಬೋರಿಂಗ್ ಬಾರ್ ಮೆಲ್ಲಗೆ ಇಳಿದು ಹಳೆಯ ಗೀರುಗಳನ್ನು ತಿಂದುಹಾಕಿತು. ಕೊನೆಯ ಅಳತೆಗೆ ಬರುವ ಮೊದಲೇ ಬಾರ್ ನಿಲ್ಲಿಸಿ ಹೋನಿಂಗ್ ಕಲ್ಲು ಹಾಕಿದರು. ಗೋಡೆಯ ಮೇಲೆ ಒಂದಕ್ಕೊಂದು ಅಡ್ಡ ಹಾಯುವ ಸಣ್ಣ ಗೆರೆಗಳು ಮೂಡಿದವು. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲೇ. ಆಮೇಲೆ ಪ್ರತಿ ಕಿಂಡಿಯ ಅಂಚನ್ನೂ ಸಣ್ಣ ಅರದಿಂದ ಮುರಿದರು. ಬೋರ್ ಆದ ಕೂಡಲೇ ಆ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಹಾಗೆಯೇ ಬಿಟ್ಟರೆ ಉಂಗುರ ಅದಕ್ಕೆ ಸಿಕ್ಕಿ ತುಂಡಾಗುತ್ತದೆ. ಅವಸರದ ಅಂಗಡಿಗಳಲ್ಲಿ ಬಿಟ್ಟುಹೋಗುವುದು ಇದೇ ಕೆಲಸ. ಆದ್ದರಿಂದ ಬ್ಯಾರೆಲ್ ವಾಪಸು ಪಡೆಯುವಾಗ ಕಿಂಡಿಗಳ ಅಂಚಿಗೆ ಬೆರಳು ಸವರಿ ನೋಡಿಯೇ ದುಡ್ಡು ಕೊಡಿ.

ಕ್ರ್ಯಾಂಕಿನ ಕೆಲಸ ಇನ್ನೂ ಸೂಕ್ಷ್ಮ. ಅದು ಒಂದೇ ಎರಕದ್ದಲ್ಲ. ಎರಡು ದಪ್ಪ ತಟ್ಟೆಗಳ ನಡುವೆ ಪಿನ್ ಇಟ್ಟು ಒತ್ತಿ ಕೂಡಿಸಿದ್ದು. ಹೊಸ ಕನೆಕ್ಟಿಂಗ್ ರಾಡ್ ಹಾಕಲು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಪಿನ್ನನ್ನು ಹೊರತಳ್ಳಿ, ಹೊಸ ಪಿನ್ನು, ಬೇರಿಂಗು, ರಾಡು ಸೇರಿಸಿ ಮತ್ತೆ ಒತ್ತಬೇಕು. ಒತ್ತಿದ ಮೇಲೆ ಎರಡು ಬದಿಯ ದಂಡಗಳು ಒಂದೇ ನೇರಕ್ಕೆ ಬಂದಿರುವುದಿಲ್ಲ. ಮೇಸ್ತ್ರಿ ಕ್ರ್ಯಾಂಕನ್ನು ಎರಡು ಮೊನೆಗಳ ನಡುವೆ ಕೂರಿಸಿ, ಡಯಲ್ ಗೇಜಿನ ಮುಳ್ಳು ಮುಟ್ಟಿಸಿ, ಕೈಯಲ್ಲಿ ತಿರುಗಿಸಿದರು. ಮುಳ್ಳು ಎಲ್ಲಿ ಏರುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಕ್ರ್ಯಾಂಕನ್ನು ಕೈಗೆತ್ತಿಕೊಂಡು ಗುರುತಿನ ಜಾಗಕ್ಕೆ ಹಿತ್ತಾಳೆಯ ಸುತ್ತಿಗೆಯಿಂದ ಒಂದೇ ಏಟು. ಮತ್ತೆ ಮೊನೆಗಳ ನಡುವೆ, ಮತ್ತೆ ತಿರುಗಣೆ. ಹೊಡೆತ ಎಷ್ಟು ಜೋರಿರಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಮುಳ್ಳಿನ ಅಲ್ಲಾಟ 0.03 ಮಿಲಿಮೀಟರಿನೊಳಗೆ ಬರುವ ತನಕ ಅವರು ಬಿಡಲಿಲ್ಲ, ನಮ್ಮ ಜೊತೆ ಮಾತೂ ಆಡಲಿಲ್ಲ.

ಈ ಊರಿಗೆ ಇಂಥ ಕೈಗಳು ಸುಮ್ಮನೆ ಬಂದವಲ್ಲ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆ ಇಲ್ಲೇ ಸ್ಪಾರ್ಕ್ ಪ್ಲಗ್ ಮಾಡುತ್ತಿತ್ತು. ಬಿಟಿಎಂ ಪಕ್ಕದ ಮೈಕೋ ಲೇಔಟ್ ಎಂಬ ಹೆಸರು ಅದರದೇ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಬಂದು ಯಂತ್ರ ಮಾಡುವ ಯಂತ್ರಗಳನ್ನೇ ತಯಾರಿಸಿತು. ಹೊಸೂರಿನ ಟಿವಿಎಸ್ ಕಾರ್ಖಾನೆಯಿಂದ 1980ರಲ್ಲಿ ಮೊಪೆಡ್ ಬಂತು. ಅತ್ತ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ 1961ರಿಂದ 1996ರವರೆಗೆ ಟೂ-ಸ್ಟ್ರೋಕುಗಳನ್ನೇ ಕಟ್ಟಿತು: 65 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕಿನ ಒಂದೇ ಪಿಸ್ಟನ್, ಅದಕ್ಕೆ ಎರಡು ಸೈಲೆನ್ಸರ್, ಕಿಕ್ಕರೇ ಗೇರ್ ಲಿವರೂ ಆಗುವ ಜಾಣ ಏರ್ಪಾಟು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಆ ಗಾಡಿಗಳು ಬೆಂಗಳೂರಿನಲ್ಲಿ ಸಾಲಾಗಿ ಸೇರುವುದು, ಮೂವತ್ತು ವರ್ಷದ ಹಿಂದೆಯೇ ಬಾಗಿಲು ಹಾಕಿದ ಕಾರ್ಖಾನೆಯ ಕೆಲಸದ ಗುಣಕ್ಕೆ ಸಾಲುವ ಸರ್ಟಿಫಿಕೇಟು. ಐಟಿಐ ಓದಿ ಈ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡವರು, ಅವರ ಹತ್ತಿರ ಕಲಿತವರು ಹಾಕಿಕೊಂಡ ಅಂಗಡಿಗಳ ಮೇಲೆಯೇ ನಮ್ಮ ಭಾನುವಾರದ ಹವ್ಯಾಸ ನಿಂತಿದೆ. ನಾವು ಹೋದ ಅಂಗಡಿಯಲ್ಲಿ ಮೇಸ್ತ್ರಿಯ ಕೆಳಗೆ ಕೆಲಸ ಕಲಿಯುವ ಹುಡುಗ ಇರಲಿಲ್ಲ. ಆ ಸಂಕಟವನ್ನು ನಾನು ಮುಚ್ಚಿಡಲಾರೆ. ಪಿಸ್ಟನ್ ಇವತ್ತಲ್ಲ ನಾಳೆ ಇನ್ನೊಬ್ಬರು ಮಾಡುತ್ತಾರೆ, ಸುತ್ತಿಗೆಯ ಆ ಏಟನ್ನು ಯಾರು ಕಲಿಯುತ್ತಾರೆ?

ಜೋಡಣೆ

ವಾಪಸು ಮನೆಗೆ ಬಂದರೆ ಮೊದಲ ಕೆಲಸ ತೊಳೆಯುವುದು. ಹೋನಿಂಗಿನ ಕಲ್ಲುಪುಡಿ ಸೀಮೆಎಣ್ಣೆಗೆ ಪೂರ್ತಿ ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಷ್ಷು ಬೇಕು. ಬಿಳಿ ಬಟ್ಟೆಯಿಂದ ಬೋರ್ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಒಣಗಿದ ತಕ್ಷಣ ಟೂ-ಟಿ ಆಯಿಲ್ ಸವರದಿದ್ದರೆ ಬೆಂಗಳೂರಿನ ಮಳೆಗಾಲದಲ್ಲಿ ಸಂಜೆಯೊಳಗೆ ತುಕ್ಕಿನ ಬಣ್ಣ ಬರುತ್ತದೆ.

ಉಂಗುರಗಳನ್ನು ಬೋರಿನೊಳಗೆ ಒಂದೊಂದಾಗಿ ಇಳಿಸಿ ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. ಟೂ-ಸ್ಟ್ರೋಕ್ ಪಿಸ್ಟನ್ನಿನಲ್ಲಿ ಉಂಗುರ ಕೂರುವ ತೋಡಿನಲ್ಲಿ ಒಂದು ಸಣ್ಣ ಮೊಳೆ ಇರುತ್ತದೆ. ಉಂಗುರದ ತುದಿಗಳು ಅದನ್ನೇ ಅಪ್ಪಿರಬೇಕು, ಇಲ್ಲದಿದ್ದರೆ ಅವು ಕಿಂಡಿಗೆ ಸಿಗುತ್ತವೆ. ಪಿಸ್ಟನ್ ತಲೆಯ ಬಾಣದ ಗುರುತು ಎಕ್ಸಾಸ್ಟ್ ಕಡೆಗೆ. ಸರ್‌ಕ್ಲಿಪ್ ಹೊಸದೇ ಆಗಬೇಕು. ಅದನ್ನು ಹಾಕುವಾಗ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿಡಬೇಕು. ಚಿಮ್ಮಿದ ಸರ್‌ಕ್ಲಿಪ್ ಒಳಗೆ ಬಿದ್ದರೆ ಮತ್ತೆ ಎಲ್ಲ ಬಿಚ್ಚಬೇಕು. ಸೀಲುಗಳ ತುಟಿಗೆ ಗ್ರೀಸ್. ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳು ಹುಟ್ಟಿನಿಂದಲೇ ಜೋಡಿ. ಒಂದನ್ನು ಗುಜರಿಯಿಂದ ತಂದು ಇನ್ನೊಂದಕ್ಕೆ ಕೂಡಿಸುವುದು ಬೇಡ. ಎಂಜಿನ್ ನಂಬರ್ ಕೊರೆದಿರುವುದೂ ಅಲ್ಲೇ. ಆರ್.ಸಿ.ಯಲ್ಲಿರುವ ನಂಬರಿಗೆ ತಾಳೆಯಾಗದಿದ್ದರೆ, ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಹೋದಾಗ ದೊಡ್ಡ ರಗಳೆ.

ಎಲ್ಲ ಜೋಡಿಸಿ, ಮತ್ತೊಮ್ಮೆ ಬಿ.ಪಿ. ಉಪಕರಣ ಕಟ್ಟಿದೆವು. ಮಾವ ಮುಳ್ಳಿನ ಮೇಲೆ ಕಣ್ಣಿಟ್ಟು ಕಾಫಿ ಕುಡಿದು ಮುಗಿಸಿದರು, ಮುಳ್ಳು ಅಲುಗಲಿಲ್ಲ. ಆಯಿಲ್ ಪಂಪಿನೊಳಗಿನ ಗಾಳಿ ತೆಗೆದರು. ಆದರೂ ಮೊದಲ ಟ್ಯಾಂಕಿಗೆ ಲೀಟರಿಗೆ 20 ಮಿಲಿಲೀಟರಿನಂತೆ ಟೂ-ಟಿ ಬೆರೆಸಿದರು. ಪಂಪ್ ಸರಿಯಾಗಿ ಎಳೆಯುತ್ತಿದೆಯೆಂದು ಖಾತ್ರಿಯಾಗುವವರೆಗೆ ಅದೊಂದು ವಿಮೆ.

ಹೊಗೆಯ ಮಾತನ್ನೂ ಆಡಲೇಬೇಕು. ಎಕ್ಸಾಸ್ಟ್ ಕಿಂಡಿ ತೆರೆದಿರುವಾಗಲೇ ಹೊಸ ಮಿಶ್ರಣ ಬರುವುದರಿಂದ ಅದರಲ್ಲೊಂದು ಪಾಲು ಉರಿಯದೆಯೇ ಹೊರಬೀಳುತ್ತದೆ. ಎಷ್ಟು ಚೆನ್ನಾಗಿ ಕಟ್ಟಿದರೂ ಕಾರ್ಬ್ಯುರೇಟರಿನ ಟೂ-ಸ್ಟ್ರೋಕಿಗೆ ಈ ದೋಷ ತಪ್ಪದು. ಅಮೆರಿಕದ ಟಾಹೊ ಸರೋವರದಲ್ಲಿ 1999ರಿಂದ ಇಂಥ ಎಂಜಿನ್ನಿನ ಜೆಟ್ ಸ್ಕೀಗಳನ್ನು ನಿಷೇಧಿಸಿದ್ದು ಅದೇ ಕಾರಣಕ್ಕೆ. ಬೆಂಗಳೂರು ತನ್ನ ಟೂ-ಸ್ಟ್ರೋಕ್ ಆಟೊಗಳನ್ನು ಬಿಟ್ಟುಕೊಟ್ಟದ್ದೂ ಹಾಗೆಯೇ. ಹದಗೆಟ್ಟ ಎಂಜಿನ್ನಿಗಿಂತ ಹದವಾದ ಎಂಜಿನ್ ಕಡಿಮೆ ಹೊಗೆ ಬಿಡುತ್ತದೆ ನಿಜ, ಆದರೆ ದಿನಾ ಕಚೇರಿಗೆ ಓಡಿಸುವ ಗಾಡಿ ಇದಲ್ಲ. ಭಾನುವಾರಕ್ಕೆ ಸೀಮಿತವಾಗಲಿ. ಸೈಲೆನ್ಸರಿನ ಬ್ಯಾಫಲ್ ಕಿತ್ತು, ಮುದುಕರೂ ಮಕ್ಕಳೂ ಮಲಗಿರುವ ಅಡ್ಡರಸ್ತೆಗಳಲ್ಲಿ ಕಿರುಚಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೆರೆಹೊರೆ ಈ ಹವ್ಯಾಸವನ್ನು ದ್ವೇಷಿಸಲು ಅದೊಂದೇ ಸಾಕು. ಕೊಳೆ ಸೀಮೆಎಣ್ಣೆ, ಹಳೆಯ ಗೇರ್ ಆಯಿಲ್ಲನ್ನು ಮೋರಿಗೆ ಸುರಿಯುವುದೂ ಅಪರಾಧವೇ. ಇಲ್ಲಿಯ ಮೋರಿಗಳು ಸೇರುವುದು ಕೆರೆಗಳನ್ನು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೇ ಟೊಂಕಕಟ್ಟಿ ಉಳಿಸಿಕೊಂಡಿದ್ದಾರೆ. ಡಬ್ಬದಲ್ಲಿ ತುಂಬಿಟ್ಟು ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟರೆ ಆಯಿತು.

ಸ್ಟಾರ್ಟ್ ಆದ ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ, ಪೂರ್ತಿ ತಣಿಸಿ, ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಮತ್ತೆ ಬಿಗಿಮಾಡಬೇಕು. ಮೊದಲ 500 ಕಿಲೋಮೀಟರು ಅರ್ಧಕ್ಕಿಂತ ಹೆಚ್ಚು ಆ್ಯಕ್ಸಿಲರೇಟರ್ ಬೇಡ. ಒಂದೇ ವೇಗದಲ್ಲಿ ಎಳೆಯುವುದೂ ಬೇಡ. ಏರಿಸಿ ಇಳಿಸಿ ಓಡಿಸಬೇಕು. ಉದ್ದನೆಯ ಇಳಿಜಾರಿನಲ್ಲಿ ಆ್ಯಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಆಯಿಲ್ಲೂ ತೀರ ಕಡಿಮೆಯಾಗುತ್ತದೆ, ಹಾಗಾಗಿ ಆಗಾಗ ಕೊಂಚ ತಿರುವುತ್ತಿರಬೇಕು. ಹಾರೋಹಳ್ಳಿಯ ತನಕ ಹೋಗಿ ನಿಲ್ಲಿಸಿ ಪ್ಲಗ್ ಬಿಚ್ಚಿದಾಗ ತುದಿ ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿತ್ತು. ಜೆಟ್ ಸರಿಯಾಗಿದೆ, ಬಿಳಿಚಿಕೊಂಡಿಲ್ಲ. ಮಾವ ತಮ್ಮ ಡೈರಿಯಲ್ಲಿ ಜೆಟ್ ನಂಬರು, ಬೋರಿನ ಅಳತೆ, ಸೀಲ್ ಹಾಕಿದ ತಾರೀಖು ಬರೆದುಕೊಂಡರು. ಬ್ಯಾರೆಲ್ ಈಗ 50.25ರಲ್ಲಿದೆ. 50.50, 50.75, 51.00 ಎಂದು ಇನ್ನೂ ಮೂರು ಬೋರ್ ಬಾಕಿ. ಅವೂ ಮುಗಿದರೆ ಹೊಸ ಸ್ಲೀವ್ ಹೊಡೆಸಿ 50ಕ್ಕೆ ವಾಪಸು ಬರಬಹುದು. ಸೀಲುಗಳಿಗೆ ಮಾತ್ರ ಅವರು ಅಷ್ಟು ಕಾಯುವುದಿಲ್ಲವಂತೆ. ಗಾಡಿ ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಬಿ.ಪಿ. ಪರೀಕ್ಷೆ ಎಂದು ಅದೇ ಪುಟದಲ್ಲಿ ಬರೆದಿಟ್ಟಿದ್ದಾರೆ.